ಹಳೆಯ ದೋಣಿಗೆ ಹೊಸ ಹುಟ್ಟು

ಕಳೆದ ತಿಂಗಳು ಹುಮನಾಬಾದಿನಿಂದ ಕಲಬುರಗಿಗೆ ಬರುತ್ತಿದ್ದೆ. ಬಸ್ಸು ಕಮಲಾಪುರದಲ್ಲಿ ನಿಂತಿತು. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ನಡುವಯಸ್ಸಿನ ರೈತರೊಬ್ಬರು ಹತ್ತಿದರು. ಅವರ ಹಿಂದೆ, ಹೆಗಲಿಗೆ ಚೀಲ ತಗುಲಿಸಿಕೊಂಡ ಹದಿನೇಳರ ಹುಡುಗ. ಇಬ್ಬರೂ ನನ್ನ ಪಕ್ಕದ ಸೀಟಿನಲ್ಲೇ ಕುಳಿತರು. ಹಣ್ಣಿನ ಪರಿಮಳ ಬಸ್ಸಿನ ಡೀಸೆಲ್ ವಾಸನೆಯನ್ನೂ ಮರೆಸುವಂತಿತ್ತು. ಅದನ್ನೇ ನೆಪ ಮಾಡಿಕೊಂಡು ಮಾತಿಗಿಳಿದೆ. ನಾನು ಮೇಷ್ಟ್ರಾಗಿದ್ದವನು ಎಂದು ಗೊತ್ತಾದದ್ದೇ ತಡ, ಅವರ ಹೊಟ್ಟೆಯೊಳಗಿನ ಸಂಕಟ ಹೊರಬಂತು.

"ನೋಡ್ರಿ ಸರ, ಇವ ನನ್ನ ಮಗ. ಕಲಬುರಗ್ಯಾಗ ಪಿಯುಸಿಗೆ ಹಾಕೀನಿ, ಸೈನ್ಸು. ಒಂದು ವರ್ಷ ಮುಗೀತು. ಈಗ ಒಲ್ಲೆ ಅಂತಾನ. ಕಾಮರ್ಸಿಗೆ ಹೋಗ್ತೀನಿ ಅಂತಾನ. ಫೀಜು, ರೂಮಿನ ಬಾಡಿಗಿ, ಖಾನಾವಳಿ ರೊಕ್ಕ, ಎಲ್ಲಾ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆತಲ್ರಿ?"

ಹುಡುಗ ಕಿಟಕಿಯ ಹೊರಗೆ ನೋಡುತ್ತಿದ್ದ. ಕಿವಿ ಮಾತ್ರ ನಮ್ಮ ಕಡೆಗಿತ್ತು.

ಇಂಥ ಪ್ರಶ್ನೆಗೆ ಬಸ್ಸಿನಲ್ಲಿ ಕುಳಿತು ಉತ್ತರ ಹೇಳುವುದು ಸುಲಭವಲ್ಲ. ಹೌದು ಎಂದರೆ ತಂದೆಗೆ ನೋವು, ಅಲ್ಲ ಎಂದರೆ ಮಗನಿಗೆ. ಆದರೆ ಅವರು ಆಡಿದ 'ಹೊಳೆ' ಎಂಬ ಮಾತು ನನ್ನನ್ನು ಬೇರೆಲ್ಲಿಗೋ ಒಯ್ದಿತು. ಹೊಳೆ, ಹೊಳೆಯಿಂದ ದೋಣಿ, ದೋಣಿಯಿಂದ ಹಳೆಯ ದೋಣಿಯನ್ನು ಹೊಸ ಕೆಲಸಕ್ಕೆ ಹೊಂದಿಸುವ ಆಚಾರಿಗಳು. ಈ ವಾರ ಅದನ್ನೇ ಬರೆಯುತ್ತೇನೆ. ಆ ತಂದೆ-ಮಗನ ವಿಷಯಕ್ಕೆ ಕೊನೆಯಲ್ಲಿ ಬರೋಣ.

ಒಣನಾಡಿನವರಿಗೆ ದೋಣಿಯ ಮಾತು

ಕಲಬುರಗಿಯವರಿಗೆ ದೋಣಿಯ ಕಥೆ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಸಮುದ್ರವಿಲ್ಲ, ನಿಜ. ಆದರೆ ಭೀಮೆ ಇದ್ದಾಳೆ, ಮಳಖೇಡದ ಕೋಟೆಯ ಬದಿಯಲ್ಲಿ ಹರಿಯುವ ಕಾಗಿಣಾ ಇದ್ದಾಳೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರೂ ಒಬ್ಬರು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೇತುವೆಗಳು ಬರುವ ಮುಂಚೆ ಉತ್ತರ ಕರ್ನಾಟಕದ ಹೊಳೆಗಳನ್ನು ದಾಟಿಸಿದ್ದು ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ಅದರ ಮೈಗೆ ಹೊಲಿದ ತೊಗಲು, ನಡೆಸಲು ಒಂದು ಹುಟ್ಟು.

ಆ ಹರಿಗೋಲೂ ಬದಲಾಗಿದೆ. ಹಂಪಿ, ಆನೆಗೊಂದಿಯ ಕಡೆ ತುಂಗಭದ್ರೆಯಲ್ಲಿ ಇಂದು ತೇಲುವ ಹರಿಗೋಲುಗಳಿಗೆ ತೊಗಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಡಾಂಬರು ಬಳಿದಿರುತ್ತಾರೆ. ಒಂದು ಕಾಲಕ್ಕೆ ಸಂತೆಗೆ ಹೋಗುವವರನ್ನು ದಾಟಿಸುತ್ತಿದ್ದದ್ದು ಈಗ ಪ್ರವಾಸಿಗರನ್ನು ಸುತ್ತಿಸುತ್ತದೆ. ಹೊದಿಕೆ ಬದಲಾಯಿತು, ಕೆಲಸ ಬದಲಾಯಿತು. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ಮರದ ದೋಣಿಯ ಮಾತು ಇನ್ನಷ್ಟು ಕಷ್ಟದ್ದು. ಅದಕ್ಕೆ ಕರಾವಳಿಗೇ ಹೋಗಬೇಕು.

ತಟ್ಟಿ ಕೇಳುವುದು

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಪ್ರವಾಸದ ಜೊತೆ ಮಲ್ಪೆಗೆ ಹೋಗಿದ್ದೆ. ಮಕ್ಕಳೆಲ್ಲ ಅಲೆಯ ಕಡೆ ಓಡಿದರು. ನಾನು ದಂಡೆಯ ಮೇಲೆ ಹಳೆಯ ದೋಣಿಯೊಂದರ ಸುತ್ತ ತಿರುಗುತ್ತಿದ್ದ ವಯಸ್ಸಾದ ಆಚಾರಿಯೊಬ್ಬರನ್ನು ನೋಡುತ್ತ ನಿಂತೆ. ಅವರ ಕೈಯಲ್ಲಿ ಗರಗಸವಿಲ್ಲ, ಉಳಿಯಿಲ್ಲ, ಬರೀ ಒಂದು ಚಿಕ್ಕ ಸುತ್ತಿಗೆ. ಹಲಗೆಯಿಂದ ಹಲಗೆಗೆ ಟಕ್ ಟಕ್ ಎಂದು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋಗುತ್ತಿದ್ದರು.

"ಏನು ಮಾಡ್ತಾ ಇದ್ದೀರಿ?" ಎಂದೆ.

"ಮೊದಲು ಅದು ಹೇಳುವುದನ್ನು ಕೇಳಬೇಕು ಮಾರಾಯ್ರೆ. ಆಮೇಲೆ ನಾವು ಹೇಳುವುದು" ಎಂದರು.

ಮಾತು ಚಮತ್ಕಾರದ್ದಲ್ಲ, ಪಕ್ಕಾ ಕಸುಬಿನದು. ಸಮುದ್ರದಲ್ಲಿ ಮರ ಕೊರೆಯುವ ಒಂದು ಜೀವಿಯಿದೆ. ಇಂಗ್ಲಿಷರು ಅದನ್ನು ಹಡಗಿನ ಹುಳು ಎಂದು ಕರೆದರೂ ಅದು ಹುಳುವಲ್ಲ, ಚಿಪ್ಪುಮೀನಿನ ಬಳಗಕ್ಕೆ ಸೇರಿದ್ದು. ವಿಜ್ಞಾನದಲ್ಲಿ ಅದರ ಹೆಸರು ಟೆರಿಡೊ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಒಳಗೇ ಬೆಳೆಯುತ್ತ ಸುರಂಗ ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿ, ಒಳಗೆ ಜರಡಿ. ಕಬ್ಬಿಣದ ಮೊಳೆಗಳದ್ದೂ ಇದೇ ಪಾಡು. ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿದು, ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಗಟ್ಟಿ ಮರ ತಟ್ಟಿದರೆ ಖಣಿಲ್ ಎನ್ನುತ್ತದೆ, ಟೊಳ್ಳು ಮರದ ದನಿ ಮಂದ. ಅನುಮಾನ ಬಂದಲ್ಲಿ ಚೂಪು ಮೊಳೆಯಿಂದ ಚುಚ್ಚಿ ನೋಡುತ್ತಾರೆ. ಇಡೀ ದೋಣಿಯ ಪರೀಕ್ಷೆ ಮುಗಿಯುವವರೆಗೆ ಅದನ್ನು ಏನು ಮಾಡಬೇಕೆಂಬ ತೀರ್ಮಾನವೇ ಇಲ್ಲ.

ದೋಣಿಯ ಬುಡದಲ್ಲಿ ಮುಂದಿನಿಂದ ಹಿಂದಿನವರೆಗೆ ಹೋಗುವ ದಪ್ಪ ತೊಲೆ ಅದರ ಬೆನ್ನೆಲುಬು. ಅದರಿಂದ ಎರಡೂ ಕಡೆಗೆ ಹೊರಡುವ ಬಾಗಿದ ಮರಗಳು ಪಕ್ಕೆಲುಬು. ಮೇಲಿನ ಹಲಗೆ ಚರ್ಮವಿದ್ದಂತೆ. ಚರ್ಮ ಹರಿದರೆ ಹೊಲಿಯಬಹುದು, ಪಕ್ಕೆಲುಬು ಮುರಿದರೆ ಜೋಡಿಸಬಹುದು. ಬೆನ್ನೆಲುಬೇ ಕೊಳೆತಿದ್ದರೆ ಆ ದೋಣಿಯ ಆಸೆ ಬಿಡಬೇಕು. ಬೆನ್ನೆಲುಬು ಗಟ್ಟಿಯಿದ್ದರೆ, ನೋಡುವವರಿಗೆ ಎಷ್ಟೇ ಹಾಳಾಗಿ ಕಂಡರೂ ಅದಕ್ಕೆ ಇನ್ನೊಂದು ಜನ್ಮವಿದೆ.

ತೂತು ಕೊರೆಯುವ ಪ್ರಶ್ನೆ

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೊತ್ತೊಯ್ದ ಮರದ ಹಡಗುಗಳಿಗೆ ಮಂಜಿ ಎಂಬ ಹೆಸರುಂಟು. ಇವು ಮೊದಲು ಗಾಳಿಯ ಬಲದಿಂದ, ಹಾಯಿಯಿಂದ ಓಡುತ್ತಿದ್ದವು. ಸ್ವಾತಂತ್ರ್ಯ ಬಂದ ನಂತರದ ದಶಕಗಳಲ್ಲಿ ಪಶ್ಚಿಮ ಕರಾವಳಿಯ ಇಂಥ ಹಡಗುಗಳಿಗೆ ಒಂದೊಂದಾಗಿ ಡೀಸೆಲ್ ಎಂಜಿನ್ ಬಂತು.

ಎಂಜಿನ್ ತಂದು ಇಟ್ಟರೆ ಆಯಿತು ಎಂದು ನಾವು ತಿಳಿಯಬಹುದು. ಆದರೆ ಹಾಯಿಯ ಹಡಗೇ ಬೇರೆ, ಎಂಜಿನ್ನಿನ ಹಡಗೇ ಬೇರೆ. ಹಾಯಿ ಹಡಗನ್ನು ಮೇಲಿನಿಂದ ಎಳೆಯುತ್ತದೆ. ಅದರ ಒತ್ತಡವೆಲ್ಲ ಹಾಯಿಕಂಬದ ಬುಡಕ್ಕೆ ಬೀಳುತ್ತದೆ. ಎಂಜಿನ್ ಹಿಂದಿನಿಂದ ತಳ್ಳುತ್ತದೆ, ಜೊತೆಗೆ ಹಗಲೂ ರಾತ್ರಿ ನಡುಗಿಸುತ್ತದೆ. ಆ ನಡುಕ ಒಂದೇ ಪಕ್ಕೆಲುಬಿಗೆ ಬಿದ್ದರೆ ಸಂದುಗಳೆಲ್ಲ ಸಡಿಲವಾಗುತ್ತವೆ. ಅದಕ್ಕೇ ಉದ್ದನೆಯ ಗಟ್ಟಿ ತೊಲೆಗಳನ್ನು ಹಲವು ಪಕ್ಕೆಲುಬುಗಳ ಮೇಲೆ ಹಾಸಿ, ಆ ಹಾಸಿಗೆಯ ಮೇಲೆ ಎಂಜಿನ್ ಕೂರಿಸುತ್ತಾರೆ. ಒಬ್ಬರು ಹೊರಲಾಗದ್ದನ್ನು ಹತ್ತು ಜನ ಹೊತ್ತ ಹಾಗೆ.

ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದು. ಪಂಖವನ್ನು ತಿರುಗಿಸುವ ದಂಡ ನೀರಿಗಿಳಿಯಬೇಕಾದರೆ ಹಡಗಿನ ಹಿಂಬದಿಗೆ ತೂತು ಕೊರೆಯಲೇಬೇಕು! ಜನ್ಮವಿಡೀ ನೀರು ಒಳಗೆ ಬಾರದಂತೆ ಕಾದ ಆಚಾರಿ ತನ್ನ ಕೈಯಾರೆ ತೂತು ಮಾಡಬೇಕು. ದಂಡ ತಿರುಗಬೇಕು, ನೀರು ಮಾತ್ರ ಒಳಬರಬಾರದು. ಅದಕ್ಕಾಗಿ ದಂಡದ ಸುತ್ತ ಎಣ್ಣೆ-ಕೊಬ್ಬು ತೊಯ್ಸಿದ ಹುರಿಯನ್ನು ಬಿಗಿಯಾಗಿ ತುಂಬುವ ಉಪಾಯ ಮಾಡಿದರು.

ಈ ತೂತಿನ ಪ್ರಶ್ನೆಗೆ ಎಲ್ಲ ದೋಣಿಯೂ ಒಗ್ಗುವುದಿಲ್ಲ. 1952ರಲ್ಲಿ ನಾರ್ವೆ ದೇಶ ಮತ್ತು ವಿಶ್ವಸಂಸ್ಥೆಯ ಜೊತೆ ಭಾರತ ಒಂದು ಒಪ್ಪಂದ ಮಾಡಿಕೊಂಡು, ಕೇರಳದ ಕೊಲ್ಲಂ ಹತ್ತಿರ ಮೀನುಗಾರಿಕೆಯ ಯೋಜನೆಯನ್ನು ಆರಂಭಿಸಿತು. ಮುಂದೆ 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ವಿಸ್ತರಿಸಿತು. ನಾರ್ವೆಯ ತಜ್ಞರು ಮೊದಲು ಸ್ಥಳೀಯ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿದರು. ಮರ ಕಡೆದು ಮಾಡಿದ ಆ ಸಪೂರ ದೋಣಿಗಳು ಒಳಗಿನ ಎಂಜಿನ್ನಿಗೆ ಹೊಂದಲಿಲ್ಲ. ಕೊನೆಗೆ ಹೊಸ ದೋಣಿಗಳನ್ನೇ ವಿನ್ಯಾಸ ಮಾಡಬೇಕಾಯಿತು. ಹಳೆಯದನ್ನು ಬದಲಿಸುವುದು ಆಗದ ಮಾತು ಎಂದು ಒಪ್ಪಿಕೊಳ್ಳುವುದೂ ಜಾಣತನವೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ರಂಪಣಿಯ ದೋಣಿಗಳು

ಕಾರವಾರದಿಂದ ಮಂಗಳೂರಿನವರೆಗೆ ಒಂದು ಕಾಲಕ್ಕೆ ರಂಪಣಿ ಬಲೆಯದೇ ದರ್ಬಾರು. ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದದ ಬಲೆ. ಅದನ್ನು ಒಬ್ಬನೇ ಕೊಳ್ಳುವುದು ಸಾಧ್ಯವಿಲ್ಲ. ಹತ್ತಾರು ಮನೆಯವರು ತಮ್ಮ ತಮ್ಮ ತುಂಡುಗಳನ್ನು ತಂದು ಜೋಡಿಸುತ್ತಿದ್ದರು. ಬಂಗುಡೆ, ಬೂತಾಯಿ ಮೀನಿನ ಹಿಂಡು ದಡದ ಹತ್ತಿರ ಬಂದಾಗ, ದೊಡ್ಡ ಮರದ ದೋಣಿಯೊಂದು ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಹೋಗುತ್ತಿತ್ತು. ಎರಡೂ ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತ ಜನ ಎಳೆಯುತ್ತಿದ್ದರು. ಬಲೆಯಲ್ಲಿ ಪಾಲಿಲ್ಲದವರೂ ಬಂದು ಹಗ್ಗ ಹಿಡಿದರೆ ಅವರಿಗೂ ಒಂದಿಷ್ಟು ಮೀನು ಸಿಗುತ್ತಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಎಂಜಿನ್ನಿನ ಈ ಬೋಟುಗಳು ಹಿಂಡು ದಡಕ್ಕೆ ಬರುವ ಮುಂಚೆಯೇ ಆಳದಲ್ಲಿ ಅದನ್ನು ಸುತ್ತುವರಿದು, ಸಂಚಿಯ ಬಾಯಿ ಬಿಗಿದ ಹಾಗೆ ಬಲೆಯ ತಳವನ್ನು ಬಿಗಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ಸೊರಗಿತು. ದಂಡೆಯಲ್ಲಿ ಜಗಳಗಳಾದವು. ದೊಡ್ಡ ದೋಣಿಗಳು ಕೆಲಸವಿಲ್ಲದೆ ಮರಳಿನ ಮೇಲೆ ಬಿಸಿಲು ಕಾಯುತ್ತ ಬಿದ್ದವು.

1980ರ ದಶಕದಲ್ಲಿ ಸರಕಾರದ ಸಹಾಯಧನದೊಂದಿಗೆ ನಾಡದೋಣಿಗಳಿಗೆ ಹೊರಗಿನ ಮೋಟಾರು ಬಂತು. ನಾರ್ವೆಯವರಿಗೆ ಆಗದ್ದು ಈಗ ಆಯಿತು. ಹೇಗೆ? ಈ ಮೋಟಾರು ದೋಣಿಯ ಒಳಗೆ ಕೂರುವುದಿಲ್ಲ, ಹೊರಗೆ ತೂಗುತ್ತದೆ. ಪಂಖವೂ ದಂಡವೂ ಅದರಲ್ಲೇ ಇವೆ. ದೋಣಿಗೆ ತೂತು ಕೊರೆಯಬೇಕಿಲ್ಲ. ಹಿಂಬದಿಯಲ್ಲಿ ಒಂದು ಗಟ್ಟಿ ಹಲಗೆಯನ್ನೋ ಚೌಕಟ್ಟನ್ನೋ ಬಿಗಿದು ತಗುಲಿಸಿದರೆ ಸಾಕು. ಕೆಟ್ಟರೆ ಬಿಚ್ಚಿ ಹೆಗಲ ಮೇಲೆ ಹೊತ್ತು ರಿಪೇರಿಗೆ ಒಯ್ಯಬಹುದು. ದೋಣಿ ಬದಲಾಗಲಿಲ್ಲ, ಬದಲಾದದ್ದು ನಮ್ಮ ಪ್ರಶ್ನೆ. 'ಈ ದೋಣಿಯೊಳಗೆ ಎಂಜಿನ್ ಹೇಗೆ ತುರುಕುವುದು' ಎಂಬುದನ್ನು ಬಿಟ್ಟು 'ಈ ದೋಣಿಗೆ ಯಾವ ಎಂಜಿನ್ ಒಗ್ಗುತ್ತದೆ' ಎಂದು ಕೇಳಿದಾಗ ದಾರಿ ಸಿಕ್ಕಿತು.

ಬದಲಾವಣೆಗೆ ಬೆಲೆಯೂ ಇತ್ತು. ಹುಟ್ಟು ಹಾಕುವವನಿಗೆ ಸೀಮೆಎಣ್ಣೆ ಬೇಕಿರಲಿಲ್ಲ. ಮೋಟಾರಿಗೆ ಬೇಕು. ಸಬ್ಸಿಡಿ ಸೀಮೆಎಣ್ಣೆಗಾಗಿ ನಾಡದೋಣಿಯವರು ಸರಕಾರದ ಬಾಗಿಲು ತಟ್ಟುವುದು ಅಂದಿನಿಂದ ನಡೆದೇ ಇದೆ. ದಂಡೆಯಲ್ಲಿ ಹಗ್ಗ ಎಳೆದು ಒಂದು ಪಾಲು ಪಡೆಯುತ್ತಿದ್ದ ಬಡವರಿಗೆ ಈ ಹೊಸ ವ್ಯವಸ್ಥೆಯಲ್ಲಿ ಜಾಗ ಸಿಗಲಿಲ್ಲ. ಹೊಸ ಹುಟ್ಟಿನ ಲೆಕ್ಕ ಬರೆಯುವಾಗ ಈ ಸಾಲನ್ನು ಬಿಡಬಾರದು.

ಒಂದು ಸಣ್ಣ ಲೆಕ್ಕ, ಒಂದು ಸಣ್ಣ ಪ್ರಯೋಗ

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. ನೀರಿನ ಮಟ್ಟದಲ್ಲಿ ಒಂದು ದೋಣಿ 8 ಮೀಟರ್ ಉದ್ದ, ಸರಾಸರಿ 1.5 ಮೀಟರ್ ಅಗಲ ಇದೆಯೆನ್ನಿ. ಅಂದರೆ 12 ಚದರ ಮೀಟರ್. ಇದರ ಮೇಲೆ ಹೊಸದಾಗಿ 600 ಕಿಲೋ ಭಾರ ಹೇರಿದರೆ ದೋಣಿ ಎಷ್ಟು ಇಳಿಯುತ್ತದೆ? ಆರ್ಕಿಮಿಡೀಸ್ ಹೇಳಿದಂತೆ ಅದು ಇನ್ನೂ 600 ಕಿಲೋ ನೀರನ್ನು ಪಕ್ಕಕ್ಕೆ ಸರಿಸಬೇಕು. ಸಿಹಿನೀರಾದರೆ ಅದು 0.6 ಘನ ಮೀಟರ್. 12ರಿಂದ ಭಾಗಿಸಿದರೆ 0.05 ಮೀಟರ್, ಅಂದರೆ 5 ಸೆಂಟಿಮೀಟರ್. ಉಪ್ಪುನೀರು ತುಸು ಭಾರವಾದ್ದರಿಂದ ಅಲ್ಲಿ ಸ್ವಲ್ಪ ಕಡಿಮೆ.

ಐದು ಸೆಂಟಿಮೀಟರ್ ತಾನೆ ಎನ್ನಬಹುದು. ಆದರೆ ಭಾರ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ದೊಡ್ಡ ಮಾತು. ಮನೆಯಲ್ಲೇ ನೋಡಿ. ಬಕೆಟ್ಟಿನ ನೀರಿನಲ್ಲಿ ಸ್ಟೀಲಿನ ಬಟ್ಟಲೊಂದನ್ನು ತೇಲಿಬಿಡಿ. ಅದರ ತಳದಲ್ಲಿ ಒಂದು ಕಲ್ಲಿಡಿ. ಬಟ್ಟಲು ಗಟ್ಟಿಯಾಗಿ ನಿಲ್ಲುತ್ತದೆ. ಈಗ ಬಟ್ಟಲಿನಲ್ಲಿ ಲೋಟವೊಂದನ್ನು ಬೋರಲು ಹಾಕಿ, ಅದೇ ಕಲ್ಲನ್ನು ಲೋಟದ ಮೇಲಿಟ್ಟು ನೋಡಿ. ಬಟ್ಟಲು ತೂಗಾಡುತ್ತದೆ, ತುಸು ಅಲುಗಿದರೆ ಮಗುಚುತ್ತದೆ. ಹಳೆಯ ದೋಣಿಯ ಮೇಲೆ ಮಾಡು, ಮಹಡಿ ಕಟ್ಟುವವರಿಗೆ ಇದೇ ಮೊದಲ ಪಾಠ. ಮೇಲೆ ಏರಿಸುವ ಮೊದಲು ಕೆಳಗೆ ಭಾರ ಕೊಡಬೇಕು.

ಕೇರಳದ ಕೆಟ್ಟುವಳ್ಳಂಗಳ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಮಾಡಿದ ಈ ದೋಣಿಗಳು ಭತ್ತ ಸಾಗಿಸುತ್ತಿದ್ದವು. ರಸ್ತೆ, ಸೇತುವೆ, ಲಾರಿ ಬಂದಮೇಲೆ ಅವುಗಳಿಗೆ ಕೆಲಸ ತಪ್ಪಿತು. 1990ರ ದಶಕದ ಆರಂಭದಲ್ಲಿ ಅವುಗಳ ಮೇಲೆ ಕೋಣೆ ಕಟ್ಟಿ ಪ್ರವಾಸಿಗರ ದೋಣಿಮನೆ ಮಾಡಿದರು. ಗೋಡೆ, ಮಾಡು ಎಲ್ಲ ಬಿದಿರು ಮತ್ತು ಚಾಪೆಯದು. ಚಂದಕ್ಕೆ ಮಾತ್ರವಲ್ಲ, ಹಗುರಕ್ಕೆ. ಟನ್ನುಗಟ್ಟಲೆ ಭತ್ತ ಹೊತ್ತ ದೋಣಿಗೆ ನಾಲ್ಕು ಜನ ಪ್ರವಾಸಿಗರು ಯಾವ ಲೆಕ್ಕ? ಆದರೆ ದೋಣಿಮನೆಗಳು ಮಿತಿಮೀರಿದಾಗ ವೇಂಬನಾಡ್ ಸರೋವರದ ನೀರು ಕೊಳೆಯಾಯಿತು ಎಂಬ ದೂರೂ ಜೊತೆಗೇ ಬಂತು.

ಅಪ್ಪನ ಎಂಟು ಆಕ್ಷೇಪಣೆಗಳು

ಲೋಕದಲ್ಲಿ ಅತಿ ಹೆಸರು ಮಾಡಿದ ಇಂಥ ಮರದ ಹಡಗು ಬೀಗಲ್. 1820ರಲ್ಲಿ ಇಂಗ್ಲೆಂಡಿನ ವುಲಿಚ್ ಹಡಗುಕಟ್ಟೆಯಿಂದ ನೀರಿಗಿಳಿದಾಗ ಅದು 10 ಫಿರಂಗಿಗಳ ಯುದ್ಧದ ಹಡಗು. ಆದರೆ ಯುದ್ಧವೇ ಇರಲಿಲ್ಲ. ಐದು ವರ್ಷ ಸುಮ್ಮನೆ ಕಟ್ಟಿಹಾಕಿದ್ದರು. ಈ ಜಾತಿಯ ಹಡಗುಗಳು ನೂರಕ್ಕೂ ಹೆಚ್ಚಿದ್ದವು. ಅನೇಕ ಮುಳುಗಿದ್ದರಿಂದ ನಾವಿಕರು ಅವಕ್ಕೆ ಶವಪೆಟ್ಟಿಗೆ ಎಂದೇ ಅಡ್ಡಹೆಸರಿಟ್ಟಿದ್ದರು. ಅಲೆ ಮೇಲೇರಿದರೆ ನೀರು ಹೊರಹೋಗದೆ ಅಟ್ಟದ ಮೇಲೆಯೇ ನಿಲ್ಲುತ್ತಿತ್ತು.

1825ರಲ್ಲಿ ಅದನ್ನು ಕರಾವಳಿಯ ಸರ್ವೆ ಕೆಲಸಕ್ಕೆ ಬದಲಿಸಿದರು. ಫಿರಂಗಿ 10 ಇದ್ದದ್ದು 6 ಆಯಿತು. ಎರಡು ಹಾಯಿಕಂಬಗಳ ಜೊತೆ ಮೂರನೆಯದನ್ನು ನೆಟ್ಟರು. 1831ರಲ್ಲಿ ಎರಡನೆಯ ಯಾನಕ್ಕೆ ಸಿದ್ಧಮಾಡುವಾಗ ಮೇಲಿನ ಅಟ್ಟವನ್ನು ಹೇಗಿದ್ದರೂ ಹೊಸದು ಮಾಡಬೇಕಿತ್ತು. ಕ್ಯಾಪ್ಟನ್ ಫಿಟ್ಜ್‌ರಾಯ್ ಅದೇ ಅವಕಾಶ ಹಿಡಿದು, ಅಟ್ಟವನ್ನು ಹಿಂದೆ 8 ಅಂಗುಲ, ಮುಂದೆ 12 ಅಂಗುಲ ಎತ್ತರಿಸಲು ಅನುಮತಿ ಪಡೆದ. ನೀರು ನಿಲ್ಲುವ ಗುಂಡಿ ಆಳ ಕಡಿಮೆಯಾಯಿತು. ಸಮಯ ಅಳೆಯಲು 22 ಕ್ರೋನೊಮೀಟರುಗಳನ್ನು ಹೊತ್ತುಕೊಂಡ. 1833ರ ಜನವರಿಯಲ್ಲಿ ಕೇಪ್ ಹಾರ್ನ್ ಬಳಿ ಭಾರಿ ಅಲೆಯೊಂದು ಅಪ್ಪಳಿಸಿ ಹಡಗು ಇನ್ನೇನು ಮಗುಚಿತು ಎಂಬಂತಾಯಿತು. ಒಂದು ಸಣ್ಣ ದೋಣಿ ಹೋಯಿತು, ಬೀಗಲ್ ಉಳಿಯಿತು.

ಆ ಹಡಗಿನಲ್ಲಿ 22 ವರ್ಷದ ತರುಣನೊಬ್ಬನಿದ್ದ. ಹೆಸರು ಚಾರ್ಲ್ಸ್ ಡಾರ್ವಿನ್. ಅವನ ಕಥೆಯನ್ನು ನಮ್ಮ ಪಾಲಕರು ಓದಲೇಬೇಕು. ತಂದೆ ರಾಬರ್ಟ್ ಡಾರ್ವಿನ್ ಹೆಸರಾಂತ ವೈದ್ಯರು. ಬೀಗಲ್ ಮೊದಲ ಬಾರಿ ಬದಲಾದ ಅದೇ 1825ರಲ್ಲಿ ಮಗನನ್ನು ಎಡಿನ್‌ಬರೋಕ್ಕೆ ವೈದ್ಯಕೀಯ ಓದಲು ಕಳಿಸಿದರು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗ ಹೊರಗೋಡಿದ. ಎರಡು ವರ್ಷಕ್ಕೆ ಓದು ಬಿಟ್ಟ. ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಹಾಕಿದರು. ಅಲ್ಲಿ ಅವನು ಪಾಠಕ್ಕಿಂತ ಹೆಚ್ಚಾಗಿ ಜೀರುಂಡೆ ಹಿಡಿದ. ಪದವಿ ಮುಗಿಸಿದ ವರ್ಷವೇ, ಪ್ರಾಧ್ಯಾಪಕ ಹೆನ್‌ಸ್ಲೋ ಅವರಿಂದ ಬೀಗಲ್ ಯಾನದ ಆಹ್ವಾನ ಬಂತು.

ತಂದೆ ಒಪ್ಪಲಿಲ್ಲ. ಅವರ ಆಕ್ಷೇಪಣೆಗಳನ್ನು ಮಗನೇ ಕಾಗದದ ಮೇಲೆ ಪಟ್ಟಿಮಾಡಿದ, ಒಟ್ಟು ಎಂಟು. ಇದು ನಿಷ್ಪ್ರಯೋಜಕ ಕೆಲಸ ಎಂಬುದೊಂದು. ಮುಂದೆ ಒಂದು ಕಡೆ ನೆಲೆನಿಲ್ಲಲಾರೆ ಎಂಬುದೊಂದು. ಬೇರೆಯವರು ಬೇಡವೆಂದಿರಬೇಕಾದರೆ ಹಡಗಿನಲ್ಲೇ ಏನೋ ಐಬಿರಬೇಕು ಎಂಬ ಅನುಮಾನ ಇನ್ನೊಂದು. ಮತ್ತೊಂದು ಇದು: ಮತ್ತೆ ದಾರಿ ಬದಲಿಸುತ್ತಿದ್ದೀ! ಕಮಲಾಪುರದ ಬಸ್ಸಿನಲ್ಲಿ ನಾನು ಕೇಳಿದ ಮಾತೇ ಅಲ್ಲವೆ?

ಆದರೆ ಆ ತಂದೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ವಿವೇಕವಿರುವ ಒಬ್ಬನಾದರೂ ಹೋಗು ಎಂದರೆ ಒಪ್ಪುತ್ತೇನೆ ಎಂದರು. ಮಗ ಸೋದರಮಾವ ಜೋಸೈಯಾ ವೆಜ್‌ವುಡ್ ಬಳಿ ಹೋದ. ಮಾವ ಎಂಟು ಆಕ್ಷೇಪಣೆಗಳಿಗೂ ಒಂದೊಂದಾಗಿ, ಶಾಂತವಾಗಿ ಉತ್ತರ ಬರೆದ. ತಂದೆ ಒಪ್ಪಿದ್ದಷ್ಟೇ ಅಲ್ಲ, ಖರ್ಚನ್ನೂ ಕೊಟ್ಟರು. 1831ರ ಡಿಸೆಂಬರ್ 27ರಂದು ಹೊರಟ ಹಡಗು 1836ರ ಅಕ್ಟೋಬರ್ 2ರಂದು ಮರಳಿತು. ಜೀವಶಾಸ್ತ್ರದ ಚರಿತ್ರೆಯೇ ಬದಲಾಯಿತು.

ಎಲ್ಲ ಮಕ್ಕಳೂ ಡಾರ್ವಿನ್ ಆಗುವುದಿಲ್ಲ. ದಾರಿ ಬದಲಿಸಿದವರೆಲ್ಲ ಗೆಲ್ಲುವುದೂ ಇಲ್ಲ. ಇಲ್ಲಿ ನೋಡಬೇಕಾದದ್ದು ಗೆಲುವನ್ನಲ್ಲ, ಆ ಮನೆಯಲ್ಲಿ ತೀರ್ಮಾನ ನಡೆದ ರೀತಿಯನ್ನು. ಆಕ್ಷೇಪಣೆ ಬಾಯಲ್ಲಿ ಉಳಿಯದೆ ಕಾಗದಕ್ಕೆ ಬಂತು. ಜಗಳ ನಿಂತು ಉತ್ತರ ಹುಡುಕುವುದು ಶುರುವಾಯಿತು.

ಮೂವತ್ತು ಜನರ ಓಟ

ಇದಕ್ಕೆ ವಿರುದ್ಧವಾದ ಕಥೆಯೂ ಒಂದಿದೆ. ಸ್ವೀಡನ್ನಿನ ವಾಸಾ ಹಳೆಯ ಹಡಗಲ್ಲ, ರಾಜನ ಹೊಚ್ಚಹೊಸ ಯುದ್ಧನೌಕೆ. ಮೇಲೆ ಎರಡು ಅಂತಸ್ತಿನ ಫಿರಂಗಿ, ಅದಕ್ಕೆ ತಕ್ಕ ಭಾರ ಕೆಳಗಿಲ್ಲ. ನಮ್ಮ ಲೋಟದ ಮೇಲಿನ ಕಲ್ಲು ನೆನಪಿಸಿಕೊಳ್ಳಿ. ಹೊರಡುವ ಮೊದಲು ಪರೀಕ್ಷೆಗೆಂದು 30 ಜನರನ್ನು ಅಟ್ಟದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿದರು. ಮೂರು ಸಲ ಓಡುವುದರೊಳಗೆ ಹಡಗು ಎಷ್ಟು ವಾಲಿತೆಂದರೆ ಗಾಬರಿಯಾಗಿ ನಿಲ್ಲಿಸಿದರು. ಇಷ್ಟಾದರೂ ಹಡಗನ್ನು ತಡೆಯಲಿಲ್ಲ. ರಾಜ ದೂರದಲ್ಲಿದ್ದ, ಅವಸರದಲ್ಲಿದ್ದ. 1628ರ ಆಗಸ್ಟ್ 10ರಂದು ಹೊರಟ ವಾಸಾ ಒಂದೂವರೆ ಕಿಲೋಮೀಟರನ್ನೂ ದಾಟಲಿಲ್ಲ. ಒಂದು ಬೀಸು ಗಾಳಿಗೆ ವಾಲಿ ಬಂದರಿನಲ್ಲೇ ಮುಳುಗಿತು. ಅದನ್ನು ಮೇಲೆತ್ತಿದ್ದು 1961ರಲ್ಲಿ.

ವಾಸಾ ಅತಿಯಾಗಿ ವಾಲುತ್ತದೆಂದು ಪರೀಕ್ಷೆ ಮಾಡಿಸಿದವರಿಗೆ ಗೊತ್ತಾಗಿತ್ತು. ಅದನ್ನು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನಮ್ಮ ಮನೆಗಳಲ್ಲೂ ಎಷ್ಟೋ ಮಕ್ಕಳಿಗೆ ಮೊದಲ ಕಿರುಪರೀಕ್ಷೆಯಲ್ಲೇ ತಾವು ವಾಲುತ್ತಿರುವುದು ಗೊತ್ತಾಗುತ್ತದೆ. ಅಪ್ಪನಿಗೆ ಹೇಳಲಾರದೆ ಮಾರ್ಚಿನವರೆಗೆ ಎಳೆಯುತ್ತಾರೆ.

ಮತ್ತೆ ಆ ಬಸ್ಸಿಗೆ

ಬಸ್ಸಿನಲ್ಲಿ ನಾನು ಮಾಡಿದ್ದು ಇಷ್ಟೇ. ಮಲ್ಪೆಯ ಆಚಾರಿಯಂತೆ ತಟ್ಟಿ ನೋಡಿದೆ.

"ಏನಪಾ ತಮ್ಮಾ, ಯಾವ ವಿಷಯ ತಿಳೀವಲ್ದು?"

"ಫಿಜಿಕ್ಸು, ಕೆಮಿಸ್ಟ್ರಿ ಎರಡೂ ಸರ. ಮೊದಲ ಟೆಸ್ಟಿನ್ಯಾಗೇ ಹೋದವು. ಮನ್ಯಾಗ ಹೇಳಿರಲಿಲ್ಲ."

ತಂದೆ ತಟ್ಟನೆ ಮಗನ ಕಡೆ ತಿರುಗಿದರು. ಅವರಿಗೆ ಅದು ಆಗಲೇ ಗೊತ್ತಾದದ್ದು.

"ಕಾಮರ್ಸ್ ಯಾಕ? ಸರಳ ಅಂತನೋ, ಬೇಕಂತನೋ?"

ಹುಡುಗ ಸುಮ್ಮನಿದ್ದ. ಉತ್ತರ ಕೊಟ್ಟವರು ತಂದೆ. "ತೋಟದ ಲೆಕ್ಕ ಎಲ್ಲಾ ಇವನ ಬರೀತಾನ್ರಿ. ಗೊಬ್ಬರ, ಆಳಿನ ಕೂಲಿ, ಬ್ಯಾಂಕಿನ ಸಾಲ, ಬಡ್ಡಿ. ಎಂಟನೇತ್ತ ಇದ್ದಾಗಿಂದ. ಅದೇನು ದೊಡ್ಡದಲ್ಲ ಬಿಡ್ರಿ."

ಖಣಿಲ್ ಎಂದದ್ದು ನನಗೆ ಕೇಳಿಸಿತು. ಇಲ್ಲಿ ಮರ ಗಟ್ಟಿಯಿದೆ.

ಆದರೂ ಕಾಮರ್ಸಿಗೆ ಹಾಕಿ ಎಂದು ನಾನು ಹೇಳಲಿಲ್ಲ. ಅರ್ಧ ಗಂಟೆಯ ಬಸ್ಸಿನ ಪರಿಚಯದಲ್ಲಿ ಒಬ್ಬ ಹುಡುಗನ ಹಣೆಬರಹ ಹೇಳಲು ನಾನು ಯಾರು? ಮನೆಯ ಲೆಕ್ಕ ಬರೆಯುವುದೇ ಬೇರೆ, ಅಕೌಂಟನ್ಸಿ ಓದುವುದೇ ಬೇರೆ. ಅದರಿಂದ ಹೀಗೆ ಹೇಳಿದೆ: ರಜೆ ಇನ್ನೂ ಇದೆ. ಕಲಬುರಗಿಯಲ್ಲಿ ಹಳೆಯ ಪುಸ್ತಕದ ಅಂಗಡಿಯಿಂದ ಕಾಮರ್ಸಿನ ಮೊದಲ ವರ್ಷದ ಪುಸ್ತಕ ಕೊಂಡು ಒಂದು ತಿಂಗಳು ಓದಲಿ. ಆ ಪದ್ಧತಿಯಲ್ಲೇ ನಿಮ್ಮ ತೋಟದ ಲೆಕ್ಕವನ್ನು ಬರೆದು ತೋರಿಸಲಿ. ದೋಣಿಯನ್ನು ಕಡಲಿಗೆ ಬಿಡುವ ಮೊದಲು ತಿಳಿನೀರಿನಲ್ಲಿ ತೇಲಿಸಿ ನೋಡಿದಂತೆ. ಅದೇ ತಿಂಗಳಲ್ಲಿ ನಿಮ್ಮ ಆಕ್ಷೇಪಣೆಗಳನ್ನೆಲ್ಲ ನೀವು ಹೇಳಿ, ಅವನು ಬರೆದಿಡಲಿ. ಉತ್ತರ ಕೊಡಬಲ್ಲ ಒಬ್ಬ ಸೋದರಮಾವನನ್ನೋ ಮೇಷ್ಟ್ರನ್ನೋ ಹುಡುಕಿ. ಬದಲಿಸಿದರೆ ಒಂದು ವರ್ಷ ಹೋಗುತ್ತದೆ, ಅದನ್ನು ಬಚ್ಚಿಡುವುದು ಬೇಡ. ಆದರೆ ಸಾಲಿನ ಅಳತೆ, ಗ್ರಾಫು, ಶೇಕಡಾ ಲೆಕ್ಕ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಫಿರಂಗಿ ಇಳಿಸಿದರೂ ಬೀಗಲ್‌ನ ಬೆನ್ನೆಲುಬು ಹಳೆಯದೇ ಅಲ್ಲವೆ?

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮಗನನ್ನು ಬೈಯಲೂ ಇಲ್ಲ. ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಬುಟ್ಟಿಯಿಂದ ಎರಡು ಹಣ್ಣು ತೆಗೆದು ನನ್ನ ಕೈಗಿಟ್ಟರು. "ಇದು ಬ್ಯಾರೆ ಬಾಳಿ ಹಂಗಲ್ರಿ ಸರ. ಹಣ್ಣು ಕೈಗೆ ಬರಬೇಕಂದ್ರ ಒಂದೂವರಿ ವರ್ಷ ಕಾಯಬೇಕು."

"ಅಷ್ಟು ದಿನ ಕಾಯ್ತೀರಲ್ಲಾ ಯಜಮಾನ್ರ" ಎಂದೆ.

ಅವರು ನಕ್ಕರು. ಮಗ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡು ಮುಂದೆ ನಡೆದ. ತಂದೆ ಹಿಂದಿನಿಂದ ಅವನನ್ನು ಕೂಗಿ ಏನನ್ನೋ ಕೇಳುತ್ತಿದ್ದರು. ಜನರ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಹುಡುಗ ಮಾತ್ರ ನಿಂತು, ತಿರುಗಿ, ಉತ್ತರ ಕೊಡುತ್ತಿದ್ದ.